ಹೊನ್ನೆಮರದ ಹಿಡಿ

ಸುನಂದಮ್ಮನವರ ಮನೆಗೆ ಯಾರಾದರೂ ಚಪ್ಪಲಿ ಬಿಡದೆ ನುಗ್ಗಿದರೆ ಕಾಂತರಾಜುವಿಗೆ ಮೈಯೆಲ್ಲ ಉರಿಯುತ್ತಿತ್ತು. ಅವತ್ತು ಬೆಳಿಗ್ಗೆ ಅನುಶ್ರೀ ಹಾಗೇ ನುಗ್ಗಿದಳು. ಬೈಯಲೆಂದು ಬಾಯಿ ತೆರೆದವನು ಅವಳ ಮುಖ ನೋಡಿ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟ.

ಕಾಂತರಾಜು ಗೊಬ್ಬರದ ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿ ಆರಾಮಾಗಿದ್ದ ಮನುಷ್ಯ. ದಿನಾ ಬೆಳಿಗ್ಗೆ ಪೇಪರು ಓದುವ ನೆಪದಲ್ಲಿ ಸುನಂದಮ್ಮನವರ ಜಗಲಿಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಿಂದ ನಿವೃತ್ತಿಯಾಗಿ ಹುಣಸೂರಿನಲ್ಲಿ ನೆಲೆಸಿದ್ದ ಸುನಂದಮ್ಮನವರಿಗೆ ಊರವರೇ ಪತ್ತೇದಾರಿಕೆಯ ಪಟ್ಟ ಕಟ್ಟಿದ್ದರು. ಅವರ ಜೊತೆ ಓಡಾಡುವ ಪಟ್ಟವನ್ನು ಮಾತ್ರ ಕಾಂತರಾಜು ತಾನೇ ಕಟ್ಟಿಕೊಂಡಿದ್ದ. ಯಾರೂ ಕೇಳಿರಲಿಲ್ಲ, ಯಾರೂ ಬೇಡವೆಂದಿರಲೂ ಇಲ್ಲ.

"ಮೇಡಂ, ನಾಳೆ ನನ್ನ ಅರೆಸ್ಟ್ ಮಾಡ್ತಾರಂತೆ," ಎಂದಳು ಅನುಶ್ರೀ. "ಅದಕ್ಕೂ ಹೆದರಲ್ಲ. ತೇಜಸ್‌ನ ಕೈ ಹೋಗಿದ್ದು ನನ್ನಿಂದ ಅಂತಾವ್ರಲ್ಲ, ಅದನ್ನ ಕೇಳಿಸ್ಕೊಳಕ್ಕಾಗಲ್ಲ."

ಸುನಂದಮ್ಮ ಲವಂಗವೊಂದನ್ನು ಬಾಯಿಗೆ ಹಾಕಿಕೊಂಡರು. ಅವರು ಲವಂಗ ಜಗಿಯತೊಡಗಿದರೆ ಕೆಲಸ ಶುರುವಾಯಿತೆಂದೇ ಲೆಕ್ಕ. "ಕೂತ್ಕೊ. ಮೊದಲಿಂದ ಹೇಳು," ಎಂದರು.

ಅನುಶ್ರೀ ಬಂದೂಕಿನಂಗಡಿ ತಿಮ್ಮಯ್ಯನವರ ಮಗಳು. ಕೋಟೆ ತಾಲ್ಲೂಕಿನ ಕಾಡಂಚಿನ ರೈತರು, ಪಿರಿಯಾಪಟ್ಟಣದಾಚೆಯ ಕೊಡಗಿನವರು, ಹಂದಿ ಓಡಿಸಲು ಲೈಸೆನ್ಸ್ ಬಂದೂಕು ಇಟ್ಟುಕೊಂಡವರೆಲ್ಲ ತಲೆಮಾರಿನಿಂದ ಆ ಅಂಗಡಿಗೇ ಬರುತ್ತಿದ್ದರು. ಹಾರಿಸಿದ ತೋಟಾಗಳ ಖಾಲಿ ಚಿಪ್ಪಿಗೆ ಮತ್ತೆ ಮದ್ದು ತುಂಬಿಕೊಡುವ ಪರವಾನಗಿ ಸುತ್ತಮುತ್ತ ಅವರೊಬ್ಬರಿಗೇ ಇತ್ತು. ಆ ಕೆಲಸವನ್ನು ಮೂವತ್ತು ವರ್ಷ ಕೈಯಲ್ಲೇ ಮಾಡಿದವನು ಗಾವಡಗೆರೆಯ ಹುಚ್ಚಯ್ಯ. ಈಗ ತಿಮ್ಮಯ್ಯನವರ ಕೈ ನಡುಗುತ್ತಿತ್ತು, ಹುಚ್ಚಯ್ಯನ ಬಲಭುಜ ಮೇಲೇಳುತ್ತಿರಲಿಲ್ಲ. ಅಂಗಡಿ ವಹಿಸಿಕೊಂಡ ಅನುಶ್ರೀ ಹೊಸದೊಂದು ತೋಟಾ ತುಂಬುವ ಪ್ರೆಸ್ ತರಿಸಿದಳು.

"ಬಂದ ಮೆಷಿನ್ನನ್ನ ಹಂಗೇ ಕೂರಿಸ್ಲಿಲ್ಲ ಮೇಡಂ. ಒಂದಷ್ಟು ಬದಲಾವಣೆ ಮಾಡಿಸ್ದೆ. ಈಗ ಅದೇ ಕುತ್ತಿಗೆಗೆ ಬಂದದೆ."

ವಿಜಯದಶಮಿಯ ದಿನ ಗಾವಡಗೆರೆ ರಸ್ತೆಯ ರೈಫಲ್ ಕ್ಲಬ್ಬಿನಲ್ಲಿ ಸ್ಪರ್ಧೆ ಇತ್ತು. ಅಂಗಡಿಯಿಂದ ಹೋದ ಡಬ್ಬಿಯ ತೋಟಾ ಹಾಕಿ ಹಾರಿಸುತ್ತಿದ್ದಾಗ ಬಂದೂಕಿನ ನಳಿಗೆ ಸೀಳಿ, ತೇಜಸ್ ಎಂಬ ಹುಡುಗನ ಎಡಗೈಯ ಎರಡು ಬೆರಳು ಹೋದವು. ತೇಜಸ್ ಬೇರೆ ಯಾರೂ ಅಲ್ಲ, ಹುಚ್ಚಯ್ಯನ ಮೊಮ್ಮಗ. ಮದ್ದು ಹೆಚ್ಚಾಗಿ ಬಿದ್ದಿದೆ, ಕಂಪನಿ ಮಾಡಿಕೊಟ್ಟ ಯಂತ್ರವನ್ನು ಮನಸ್ಸಿಗೆ ಬಂದಂತೆ ತಿದ್ದಿದ್ದರಿಂದಲೇ ಹೀಗಾಗಿದೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಕಿರಣ್‌ಕುಮಾರ್ ದೂರು ಕೊಟ್ಟಿದ್ದ. ಅವತ್ತೇ ಪೊಲೀಸರು ಪ್ರೆಸ್ ಇದ್ದ ಕೋಣೆಗೆ ಸೀಲು ಹಾಕಿದ್ದರು.

"ಮದ್ದು ಹೆಚ್ಚಾಗಿತ್ತಾ?" ಎಂದರು ಸುನಂದಮ್ಮ.

"ಇಲ್ಲ."

"ಅಷ್ಟು ಗಟ್ಟಿಯಾಗಿ ಹೇಳ್ತೀಯಲ್ಲ."

"ಪ್ರತಿಯೊಂದನ್ನೂ ಕಣ್ಣಲ್ಲಿ ನೋಡಿ ಮುಚ್ಚಿದೀನಿ ಮೇಡಂ. ನಮ್ಮಪ್ಪನ ಮೇಲಾಣೆ."

ಕಾಂತರಾಜು ಆಗಲೇ ನಂಬಿಬಿಟ್ಟಿದ್ದ. ಆಣೆಯಿಟ್ಟವರನ್ನೆಲ್ಲ ನಂಬುವುದು ಅವನ ಹುಟ್ಟುಗುಣ, ಸುನಂದಮ್ಮ ಅದಕ್ಕಾಗಿ ಅವನನ್ನು ಆಡಿಕೊಳ್ಳದ ದಿನವಿರಲಿಲ್ಲ. ಅವತ್ತು ಆಡಿಕೊಳ್ಳಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡು, "ಸ್ಕೂಟರ್ ತೆಗೀರಿ ಕಾಂತರಾಜು," ಎಂದರು.

ಇನ್ಸ್‌ಪೆಕ್ಟರ್ ಸುನೀಲ್‌ಕುಮಾರ್ ಸಭ್ಯ ಮನುಷ್ಯ. ಸುನಂದಮ್ಮನವರ ಮೇಲೆ ಗೌರವವಿತ್ತು. ತಾನೇ ಬಂದು ಸೀಲು ತೆಗೆಸಿದ. ಕೋಣೆಯೊಳಗೆ ಬಾಡಿದ ಸೇವಂತಿಗೆಯ ವಾಸನೆ ಮೂಗಿಗೆ ಬಡಿಯಿತು. ಆಯುಧಪೂಜೆಯ ದಿನ ಮಾಡಿದ ಪೂಜೆ ಹಾಗೆಯೇ ಇತ್ತು.

ಗೋಡೆಗೆ ಆನಿಸಿದ ದಪ್ಪ ಹಲಗೆಯ ಮೇಲೆ ಪ್ರೆಸ್ ಕೂತಿತ್ತು. ಆಳೆತ್ತರದಲ್ಲೇನೂ ಇರಲಿಲ್ಲ, ತೀರಾ ಕೆಳಗೆ, ಮಂಡಿಗಿಂತ ಸ್ವಲ್ಪ ಮೇಲೆ. ಅದನ್ನು ಒತ್ತಿ ನಡೆಸುವ ಉದ್ದನೆಯ ಸನ್ನೆಯನ್ನು ಬಲದಿಂದ ಬಿಚ್ಚಿ ಎಡಕ್ಕೆ ಹಾಕಿಸಿತ್ತು. ಸನ್ನೆಯ ತುದಿಗೆ ಕಂಪನಿಯ ಕಪ್ಪು ಗುಂಡಿನ ಬದಲು ಹಳೆಯ ಮರದ ಹಿಡಿ. ಮೇಲೊಂದು ಪ್ರಖರವಾದ ದೀಪ. ಚಿಪ್ಪು ನಿಲ್ಲುವ ಕಡೆ ಓರೆಯಾಗಿ ಕೂರಿಸಿದ ಕನ್ನಡಿ. ಚಿಪ್ಪಿನೊಳಗೆ ಮದ್ದು ಎಷ್ಟಿದೆಯೆಂದು ಬಗ್ಗದೇ ಆ ಕನ್ನಡಿಯಲ್ಲಿ ಕಾಣುತ್ತಿತ್ತು. ಹಲಗೆಯಡಿ ಗಿಡ್ಡ ಮಣೆಯೊಂದು ಬಟ್ಟೆ ಹೊದ್ದು ಕೂತಿತ್ತು.

"ಇದೇ ನೋಡಿ ಮೇಡಂ, ಇವಳ ಎಂಜಿನಿಯರಿಂಗು," ಎಂದ ಹಿಂದೆಯೇ ಬಂದ ಕಿರಣ್‌ಕುಮಾರ್. ಹಣೆಯ ಮೇಲೆ ಗಟ್ಟಿ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. "ಬಲಗೈ ಸನ್ನೆಯನ್ನ ಎಡಕ್ಕೆ ಹಾಕೋ ಅಗತ್ಯ ಏನಿತ್ತು? ನಾನು ಮೊದಲೇ ಹೇಳ್ದೆ, ಮೆಷಿನ್ನು ಕ್ಲಬ್ಬಲ್ಲಿರಲಿ ಅಂತ. ಕೇಳ್ಬೇಕಲ್ಲ."

ಅನುಶ್ರೀ ಏನೋ ಹೇಳಹೋಗಿ ತುಟಿ ಕಚ್ಚಿಕೊಂಡಳು. ಅವಳು ಬಲಗೈಯವಳು ಎಂಬುದು ಕಾಂತರಾಜುವಿಗೂ ಗೊತ್ತಾಗಿತ್ತು. ಸೀಲು ತೆಗೆಸುವಾಗ ಅವಳು ಪೊಲೀಸರ ಕಾಗದಕ್ಕೆ ಸಹಿ ಹಾಕಿದ್ದನ್ನು ಈಗಷ್ಟೇ ನೋಡಿದ್ದ. ಇದೇನಪ್ಪ, ತನಗೇ ಒಗ್ಗದ ಹಾಗೆ ಯಾರಾದರೂ ಯಂತ್ರ ತಿದ್ದಿಸುತ್ತಾರೆಯೇ ಎಂದುಕೊಂಡ.

ಸುನಂದಮ್ಮ ಹಿಡಿಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ಅಂಗೈ ಉಜ್ಜಿ ಉಜ್ಜಿ ನುಣುಪಾದ ಮರ, ಹೆಬ್ಬೆರಳು ಕೂರುವಲ್ಲಿ ಗುಳಿ ಬಿದ್ದಿತ್ತು. ಅದರ ಮೇಲೆ ಬೆಳ್ಳಗೆ ವಿಭೂತಿಯ ಮೂರು ಗೆರೆ. ಕಬ್ಬಿಣದ ಮೈಮೇಲೆಲ್ಲ ಅರಿಶಿನ, ಕುಂಕುಮ.

"ಪೂಜೆ ಮಾಡಿದ್ದು ನೀನೇನಾ? ಫೋಟೋ ಏನಾದ್ರೂ ಇದ್ಯಾ?"

ಇಲ್ಲದೆ ಉಂಟೇ, ಅನುಶ್ರೀ ಅದನ್ನು ಅವತ್ತೇ ಸ್ಟೇಟಸ್‌ಗೆ ಹಾಕಿದ್ದಳು. ಸುನಂದಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಕಾಂತರಾಜುವಿಗೂ ತೋರಿಸಿದರು. ಅದೇ ಹೂ, ಅದೇ ಕುಂಕುಮ. ಹಿಂದಿನ ಗಾಜಿನ ಬೀರುವಿನಲ್ಲಿ ಹುಚ್ಚಯ್ಯ ತೋಟಾ ತುಂಬುತ್ತಿದ್ದ ಹಳೆಯ ಕೈಸಾಮಾನು, ಅದಕ್ಕೆ ಹಿಡಿಯಿರಲಿಲ್ಲ.

"ಈ ಮರದ ಹಿಡಿ ಅದರದ್ದೇನಾ?"

"ಹೂಂ ಮೇಡಂ. ಹೊನ್ನೆಮರದ್ದು," ಎಂದಳು ಅನುಶ್ರೀ ತಲೆ ತಗ್ಗಿಸಿ.

ಬಾಗಿಲಲ್ಲಿ ತಿಮ್ಮಯ್ಯನವರು ಗೋಡೆ ಹಿಡಿದು ನಿಂತಿದ್ದರು. ಅವರ ಹಣೆಯಲ್ಲಿ ಕೆಂಪು ನಾಮ. ತಿರುಪತಿಯ ಒಕ್ಕಲು ಅವರದು. "ಪೂಜೆ ಆದ್ಮೇಲೆ ಯಾರೂ ಮುಟ್ಲಿಲ್ಲ ಕಣವ್ವ," ಎಂದರು. "ಆಯುಧಕ್ಕೂ ಒಂದಿನ ರಜ ಬೇಡ್ವಾ? ನಾನು, ಇವ್ಳು, ನಮ್ಮಕ್ಕನ ಮಗ ರಘು, ಎಲ್ರೂ ಹಿಂದಿನ ಮನೇಲಿ ಉಂಡು ಮಲಗಿದ್ವಿ. ಮಾರನೆ ದಿನ ರಘು ಬಂದು ಕ್ಲಬ್ಬಿನ ಡಬ್ಬಿ ತಗೊಂಡು ಓದ, ಅಷ್ಟೇಯ. ಪ್ರತಿ ವರ್ಸ ಮದ್ಯಾನ ಹುಚ್ಚಯ್ಯ ಬಂದು ತನ್ನ ಸಾಮಾನಿಗೆ ತಾನೇ ಪೂಜೆ ಮಾಡೋನು. ಈ ಸಲ ಅವ್ನೂ ಬರ್ಲಿಲ್ಲ."

"ಕೋಣೆಯ ಕೀ ಯಾರ್ಯಾರ ಹತ್ರ ಇದೆ?"

"ಇವ್ಳತ್ರ, ರಘು ಅತ್ರ, ಹುಚ್ಚಯ್ಯನತ್ರ. ಮನೇವ್ರತ್ರಾನೇ."

ಠಾಣೆಗೆ ಹೋಗಿ ಸ್ಪರ್ಧೆಯ ಮೈದಾನದಲ್ಲಿ ಸಿಕ್ಕ ಖಾಲಿ ಚಿಪ್ಪುಗಳನ್ನು ನೋಡಿದರು. ಒಂದರ ಹಿತ್ತಾಳೆ ತಳದಲ್ಲಿ ಕೆಂಪು ಕಲೆ ಇತ್ತು. "ಪಾಪ, ಹುಡುಗನ ರಕ್ತ," ಎಂದ ಸುನೀಲ್‌ಕುಮಾರ್. ಸುನಂದಮ್ಮ ಅದನ್ನು ಬೆಳಕಿಗೆ ಹಿಡಿದು, "ಇನ್ನೂ ಎಷ್ಟು ಕೆಂಪಗಿದೆ ನೋಡ್ರಿ," ಎಂದಷ್ಟೇ ಹೇಳಿ ವಾಪಸು ಕೊಟ್ಟರು.

ಆಸ್ಪತ್ರೆಯಲ್ಲಿ ತೇಜಸ್ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ. ಪಕ್ಕದಲ್ಲಿ ನೆಲದ ಮೇಲೆ ಹುಚ್ಚಯ್ಯ ಕೂತಿದ್ದ. ಕೊರಳಲ್ಲಿ ಮಾದಪ್ಪನ ರುದ್ರಾಕ್ಷಿ, ಮುಖದಲ್ಲಿ ಕಳೆಯೇ ಇಲ್ಲ. ಅನ್ನ ಮುಟ್ಟಿಲ್ಲವೆಂದು ದಾದಿ ಹೇಳಿದಳು.

"ಹಾರಿಸೋ ಮುಂಚೆ ಏನಾದ್ರೂ ಬೇರೆ ಥರ ಅನ್ನಿಸ್ತೇನಪ್ಪ?" ಎಂದು ಸುನಂದಮ್ಮ ತೇಜಸ್‌ನನ್ನು ಕೇಳಿದರು.

"ನಳಿಗೆ ಸೀಳಿದ್ದಕ್ಕೆ ಹಿಂದಿನ ತೋಟಾ ಟುಸ್ ಅಂತು ಮೇಡಂ. ಪಟಾಕಿ ನೆಂದಿದ್ರೆ ಆಗುತ್ತಲ್ಲ ಹಂಗೆ. ಟೈಮ್ ಓಡ್ತಿತ್ತು. ಇನ್ನೊಂದು ಹಾಕಿ ಹೊಡದ್ಬುಟ್ಟೆ."

"ಸದ್ದು ಕಮ್ಮಿ ಆದ್ರೆ ನಿಲ್ಲುಸ್ಬುಡು ಅಂತ ಎಷ್ಟು ಸಲ ಬಡ್ಕಂಡಿವ್ನಿ," ಎಂದ ಹುಚ್ಚಯ್ಯ. ಎದ್ದು ಸೊಂಟದ ಸಂಚಿಯಿಂದ ವಿಭೂತಿ ತೆಗೆದು, ಎಡಗೈಯಲ್ಲಿ ಮೊಮ್ಮಗನ ಹಣೆಗೆ ಎಳೆದ.

ಕಾಂತರಾಜು ತಡೆಯಲಾರದೆ, "ಅನುಶ್ರೀನ ನಾಳೆ ಕರ್ಕೊಂಡು ಹೋಗ್ತಾರಂತೆ ಹುಚ್ಚಯ್ಯ," ಎಂದ.

ಹುಚ್ಚಯ್ಯನ ಕೈ ಹಣೆಯ ಮೇಲೆಯೇ ನಿಂತಿತು. "ಆ ಮಗಿಂದು ತಪ್ಪಿಲ್ಲ ಕಣಪ್ಪ," ಎಂದ.

ವಾಪಸು ಬರುವಾಗ ಕಾಂತರಾಜುವಿನ ತಲೆಯಲ್ಲಿ ಕಿರಣ್‌ಕುಮಾರನ ವಿಭೂತಿಯೇ ಕುಣಿಯುತ್ತಿತ್ತು. "ಅವನೇ ಕಣ್ರೀ," ಎಂದು ಸ್ಕೂಟರ್ ಓಡಿಸುತ್ತಲೇ ಕೂಗಿ ಹೇಳಿದ. "ಮೆಷಿನ್ನು ಕ್ಲಬ್ಬಿಗೆ ಬರಲಿಲ್ಲ ಅನ್ನೋ ಹೊಟ್ಟೆಕಿಚ್ಚು. ಫೋಟೋದಲ್ಲಿ ವಿಭೂತಿ ಇರ್ಲಿಲ್ಲ, ನಾನೂ ನೋಡ್ದೆ. ನಾನೇನು ಕಣ್ಣು ಮುಚ್ಕೊಂಡಿರ್ತೀನಾ?"

"ನೋಡಿದೀರಿ, ಒಳ್ಳೇದು. ವಿಭೂತಿ ಎಲ್ಲಿತ್ತು ಅನ್ನೋದನ್ನ ಮಾತ್ರ ಮರೆತಿದೀರಿ," ಎಂದರು ಸುನಂದಮ್ಮ. ದನಿಯಲ್ಲಿ ಗೆಲುವಿರಲಿಲ್ಲ. ಗೆದ್ದಾಗಲೂ ಅವರು ಹೀಗೆ ಮಂಕಾಗುವುದನ್ನು ಕಾಂತರಾಜು ಒಂದೆರಡು ಸಲ ಕಂಡಿದ್ದ, ಆ ಸಲಗಳು ಅವನಿಗೆ ಇಷ್ಟವಾಗುತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಆ ಕೋಣೆಯಲ್ಲಿ ಸೇರಿದರು. ತಿಮ್ಮಯ್ಯನವರಿಗೆ ಕುರ್ಚಿ ಹಾಕಿತ್ತು. ಅನುಶ್ರೀ ಅಪ್ಪನ ಹಿಂದೆ, ರಘು ಕಿಟಕಿಯ ಹತ್ತಿರ, ಕಿರಣ್‌ಕುಮಾರ್ ಕೈಕಟ್ಟಿಕೊಂಡು ನಡುವೆ. ಹುಚ್ಚಯ್ಯ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ. ಸುನೀಲ್‌ಕುಮಾರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

"ಮದ್ದು ಹೆಚ್ಚಾಗಿತ್ತು ಅಂತ ಎಲ್ಲರೂ ಹೇಳ್ತಿದೀರಿ," ಎಂದು ಸುನಂದಮ್ಮ ಶುರುಮಾಡಿದರು. "ಹೆಚ್ಚಾಗಿರಲಿಲ್ಲ. ಒಂದು ತೋಟಾದಲ್ಲಿ ಮದ್ದೇ ಇರಲಿಲ್ಲ. ತಳದ ಕೇಪು ಮಾತ್ರ ಸಿಡಿದು ಅದು ಟುಸ್ ಅಂತು. ಅದರ ಮೇಲೆ ತುರುಕಿದ್ದ ಬಿರಡೆ, ಸೀಸದ ಚರೆ ಹೊರಗೆ ಹೋಗದೆ ನಳಿಗೆಯಲ್ಲೇ ಸಿಕ್ಕಿಕೊಂಡವು. ಅದರ ಹಿಂದೆ ಒಳ್ಳೇ ತೋಟಾ ಹಾರಿಸಿದಾಗ ದಾರಿ ಸಿಗದೆ ನಳಿಗೆ ಸೀಳ್ತು."

"ಮದ್ದು ಹಾಕೋದು ಮರೆತಳು ಅಂತಾಯ್ತಲ್ಲ," ಎಂದ ಕಿರಣ್‌ಕುಮಾರ್. "ಅದೂ ಇವಳ ತಪ್ಪೇ."

"ಆ ಕನ್ನಡಿ ನೋಡಿ. ನೀವು ಎಂಜಿನಿಯರಿಂಗು ಅಂತ ಆಡಿಕೊಂಡಿರಲ್ಲ, ಅದೇ ಇವಳನ್ನ ಉಳಿಸಿರೋದು. ಅಲ್ಲಿ ನಿಂತವರಿಗೆ ಖಾಲಿ ಚಿಪ್ಪು ಕಣ್ಣಿಗೆ ಹೊಡೆಯುತ್ತೆ. ಮರೆವಿನಿಂದ ಆಗೋ ಕೆಲಸ ಅಲ್ಲ ಇದು, ಬೇಕೂಂತಲೇ ಮಾಡಿದ್ದು. ಇನ್ನು ಯಾವಾಗ ಮಾಡಿದ್ದು? ಸುನೀಲ್, ಆ ಚಿಪ್ಪು ತೋರಿಸಪ್ಪ. ರಕ್ತ ಇಷ್ಟು ದಿನಕ್ಕೆ ಕಪ್ಪಾಗಿರ್ತಿತ್ತು. ಇದು ಕುಂಕುಮ. ಚಿಪ್ಪು ಕೂರೋ ತಟ್ಟೆಗೆ ಅನುಶ್ರೀ ಕುಂಕುಮ ಇಟ್ಟಿದಾಳೆ, ಫೋಟೋದಲ್ಲಿದೆ. ಅಂದಮೇಲೆ ಈ ತೋಟಾ ತಯಾರಾದದ್ದು ಪೂಜೆ ಆದಮೇಲೆ, ಇವರೆಲ್ಲ ಊಟಕ್ಕೆ ಹೋಗಿದ್ದಾಗ. ಸ್ಪರ್ಧೆಯ ಡಬ್ಬಿ ಇಲ್ಲೇ ಕಪಾಟಲ್ಲಿತ್ತು. ಒಂದನ್ನ ತೆಗೆದು ಇದನ್ನ ಇಟ್ಟರು."

ರಘು ಬೆವರುತ್ತಿದ್ದ. "ನನ್ನತ್ರ ಕೀ ಇತ್ತು ನಿಜ, ಆದ್ರೆ ನಾನು ಆ ಕಡೆ ತಿರುಗೂ ನೋಡ್ಲಿಲ್ಲ ಮೇಡಂ."

"ಗೊತ್ತಪ್ಪ. ಇಲ್ಲಿಗೆ ಬಂದವರು ಪೂಜೆ ಮಾಡಿ ಮಲಗಿಸಿದ ಯಂತ್ರವನ್ನ ಎಬ್ಬಿಸಿದರು. ಕೆಲಸ ಮುಗಿದ ಮೇಲೆ ಅವರಿಗೇ ಎದೆ ಅಳುಕಿತು. ಆಯುಧದ ಹತ್ತಿರ ಕ್ಷಮೆ ಕೇಳಿದರು, ವಿಭೂತಿ ಇಟ್ಟರು. ಬೇರೆ ಊರಿನ ಕಳ್ಳ ಆಗಿದ್ದರೆ ಮಾಡಿದ್ದು ಮಾಡಿ ಹೊರಟುಹೋಗ್ತಿದ್ದ. ಫೋಟೋದಲ್ಲಿ ಇಲ್ಲದ ಮೂರು ಗೆರೆ ಈಗ ಹಿಡಿ ಮೇಲಿದೆ. ತಿಮ್ಮಯ್ಯನವರದು ನಾಮದ ಒಕ್ಕಲು, ರಘುನೂ ಅದೇ ಮನೆಯವನು. ಈ ಮನೆ ಪೂಜೆಗೆ ವಿಭೂತಿ ಬರಲ್ಲ."

ಎಲ್ಲರ ಕಣ್ಣೂ ಕಿರಣ್‌ಕುಮಾರನ ಹಣೆಯ ಕಡೆ ತಿರುಗಿತು. ಕಾಂತರಾಜು ಅವನು ಓಡದಂತೆ ಬಾಗಿಲ ಕಡೆ ಒಂದು ಹೆಜ್ಜೆ ಸರಿದೂ ಆಗಿತ್ತು.

"ನಾನಾ?" ಎಂದ ಕಿರಣ್‌ಕುಮಾರ್. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ನೀವಲ್ಲ. ನಿಮ್ಮ ಹತ್ತಿರ ಕೀ ಇಲ್ಲ. ಇದ್ದಿದ್ದರೂ ನೀವು ಕ್ಷಮೆ ಕೇಳೋರಾಗಿದ್ದರೆ ಮೆಷಿನ್ನಿಗೆ ಕೇಳ್ತಿದ್ರಿ. ಕಬ್ಬಿಣದ ಮೇಲೆ ವಿಭೂತಿಯ ಒಂದು ಕಣ ಕೂಡ ಇಲ್ಲ. ಇರೋದು ಮರದ ಮೇಲೆ ಮಾತ್ರ. ಇಷ್ಟು ದೊಡ್ಡ ಯಂತ್ರವನ್ನ ಬಿಟ್ಟು, ಇಷ್ಟುದ್ದದ ಹಳೇ ಮರದ ತುಂಡಿಗೆ ಕೈಮುಗಿಯೋರು ಯಾರು?"

ಸುನಂದಮ್ಮ ಬಾಗಿಲ ಕಡೆ ನೋಡಲೂ ಇಲ್ಲ. ಮುದುಕನ ಮರ್ಯಾದೆ ಕಾಯುತ್ತಿದ್ದಾರೆಂದು ಕಾಂತರಾಜುವಿಗೆ ಆಗ ಹೊಳೆಯಿತು.

"ನಾನೇ ಕಣವ್ವ," ಎಂದ ಹುಚ್ಚಯ್ಯ.

ತಿಮ್ಮಯ್ಯನವರು ಕುರ್ಚಿಯಿಂದ ಏಳಹೋಗಿ ಹಾಗೇ ಕುಸಿದರು. "ಲೇ ಹುಚ್ಚ, ಏನ್ಲಾ ಅಂತೀಯ?"

"ಅವತ್ತು ಪೂಜೆಗೆ ಅಂತ್ಲೇ ಬಂದೆ. ಬೀರು ತಗುದ್ರೆ ನನ್ನ ಸಾಮಾನು ರುಂಡ ಆರ್ಸಿದಂಗೆ ಬಿದ್ದಿತ್ತು. ಅದುಕ್ಕೆ ಒಂದು ಊವಿಲ್ಲ, ಕುಂಕುಮಿಲ್ಲ. ಅದ್ರ ಇಡಿ ಕಿತ್ತು ಈ ಕಬ್ಬಿಣಕ್ಕೆ ಸಿಗ್ಸವ್ರೆ. ನಾನು ಬದುಕಿದ್ದಂಗೇ ತಿಥಿ ಮಾಡುದ್ರಲ್ಲ ಅನ್ನುಸ್ತು. ಕಣ್ಣು ಮಂಜಾಗೋಯ್ತು, ಸನ್ನೆ ಯಾಕೆ ಎಡಕ್ಕದೆ ಅಂತ್ಲೂ ಯೋಚ್ನೆ ಬರ್ಲಿಲ್ಲ. ಎಲ್ರೆದುರಿಗೆ ಒಂದು ಟುಸ್ ಅಂದ್ರೆ ಸಾಕು, ಮಿಸಿನ್ನಿನ ಜಂಬ ಇಳೀತದೆ ಅಂದ್ಕಂಡೆ. ಸದ್ದು ಕಮ್ಮಿ ಆದ್ರೆ ನಿಲ್ಲುಸ್ಬೇಕು ಅನ್ನೋದು ಕ್ಲಬ್ಬಲ್ಲಿ ಎಲ್ರುಗೂ ಗೊತ್ತು. ನಾನೇ ಏಳ್ಕೊಟ್ಟಿರೋದು. ನಮ್ಮ ತೇಜನೇ ಮರೀತಾನೆ ಅಂತ ನಂಗೇನು ಗೊತ್ತು." ಅವನು ತಲೆ ಎತ್ತಿ ಅನುಶ್ರೀಯನ್ನು ನೋಡಿದ. "ಈ ಮಗೀನ ಮೇಲೆ ಬಂದಾಗ ಏಳ್ಬೇಕಿತ್ತು. ಗೊತ್ತಾದ್ರೆ ತೇಜ ನನ್ನ ಮುಖ ನೋಡಲ್ಲ ಅಂತ ನಾಲಿಗೆ ಬರ್ಲಿಲ್ಲ."

ಸುನಂದಮ್ಮ ಅನುಶ್ರೀಯ ಕಡೆ ತಿರುಗಿದರು. "ಇನ್ನು ನೀನು ಹೇಳಮ್ಮ. ಬಲಗೈಯವಳು ಸನ್ನೆಯನ್ನ ಎಡಕ್ಕೆ ಯಾಕೆ ಹಾಕಿಸ್ದೆ? ನಿಂತು ಕೆಲಸ ಮಾಡೋಳಿಗೆ ಗಿಡ್ಡ ಮಣೆ ಯಾಕೆ?"

"ತಾತನ ಬಲಭುಜ ಮೇಲೆ ಬರಲ್ಲ," ಎಂದಳು ಅನುಶ್ರೀ. "ಎಡಗೈಲೇ ಒತ್ತೋದು ಅಭ್ಯಾಸ. ಹಿಡಿಯಲ್ಲಿ ಅವರ ಹೆಬ್ಬೆರಳಿನ ಗುಳಿ ಇದೆ, ಬೇರೆ ಹಿಡಿ ಹಾಕಿದ್ರೆ ಅವರಿಗೆ ಒಗ್ಗಲ್ಲ ಅಂತ ಅದನ್ನೇ ಹಾಕಿಸ್ದೆ. ಕಣ್ಣಿಗೆ ತೊಂದರೆ ಅಂತ ದೀಪ, ಬಗ್ಗೋದು ಬೇಡ ಅಂತ ಕನ್ನಡಿ. ವಿಜಯದಶಮಿ ದಿನ ಕರ್ಕೊಂಡು ಬಂದು ಕೂರಿಸ್ಬೇಕು ಅಂತಿದ್ದೆ. ಅಲ್ಲೀವರ್ಗೂ ಯಾರಿಗೂ ಹೇಳಿರ್ಲಿಲ್ಲ. ಆಮೇಲೆ ಹೇಳೋಣ ಅಂದ್ರೆ, ಮೊಮ್ಮಗನ ಕೈ ಹೋದೋರ ಮುಂದೆ, ಇದೆಲ್ಲ ನಿಮಗೋಸ್ಕರ ಮಾಡಿಸಿದ್ದು ಅಂತ ಹೆಂಗೆ ಹೇಳ್ಲಿ?" ಅವಳು ಅಳತೊಡಗಿದಳು. "ಹಿಡಿ ಬಿಚ್ಚೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು ತಾತ. ನಿಮ್ಮದು ಅದು."

ಹುಚ್ಚಯ್ಯ ದೀಪ, ಕನ್ನಡಿ, ಮಣೆ ಒಂದೊಂದನ್ನೇ ನೋಡಿದ. ಸುನೀಲ್‌ಕುಮಾರ್ ಹತ್ತಿರ ಬಂದು ಮೆಲ್ಲಗೆ, "ಹೊರಡೋಣ್ವಾ ಅಜ್ಜ?" ಎಂದ.

"ಓಗ್ತಾ ಆಸ್ಪತ್ರೆ ಅತ್ರ ಒಂದು ಗಳಿಗೆ ನಿಲ್ಲುಸ್ಬುಡಿ ಸ್ವಾಮಿ. ತೇಜಂಗೆ ನಾನೇ ಏಳ್ಬೇಕು. ಬಯ್ದ್ರೂ ಸರಿ, ಉಗುದ್ರೂ ಸರಿ." ಅವನು ಗೋಡೆ ಹಿಡಿದು ಎದ್ದ. "ಅದ್ಕೆ ಮುಂಚೆ ಒಂದ್ಸಲ ಕೂತ್ಕಳ್ಲಾ ಅಲ್ಲಿ?"

ಇನ್ಸ್‌ಪೆಕ್ಟರ್ ತಲೆಯಾಡಿಸಿದ. ಅನುಶ್ರೀ ಹಲಗೆಯಡಿಯಿಂದ ಮಣೆ ಎಳೆದು, ಬಟ್ಟೆ ತೆಗೆದು ಇಟ್ಟಳು. ಹುಚ್ಚಯ್ಯ ಕೂತ. ಪಾದಗಳು ನೆಲಕ್ಕೆ ಸರಿಯಾಗಿ ಊರಿದವು. ಎಡಗೈ ತಾನಾಗಿ ಮುಂದೆ ಹೋಗಿ ಹಿಡಿಯ ಮೇಲೆ ಕೂತಿತು, ಹೆಬ್ಬೆರಳು ಗುಳಿಯಲ್ಲಿ ಸೇರಿಕೊಂಡಿತು. ಭುಜ ಎತ್ತಬೇಕಾಗಲೇ ಇಲ್ಲ. ಸನ್ನೆಯನ್ನು ಅವನು ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ.

"ಅಳತೆ ಯಾವಾಗ ತಗಂಡೆ ಕಣವ್ವ?" ಎಂದ.

"ನೀವು ಊಟಕ್ಕೆ ಕೂತಾಗ."

"ಸರಿಯಾಗದೆ," ಎಂದು ಹುಚ್ಚಯ್ಯ ಹಿಡಿಯಿಂದ ಕೈ ತೆಗೆದ.